ಹೊಗೆ ವ್ಯಾನು ಮತ್ತು ಹೊಡೆದುಹಾಕಿದ ಒಂದು ಸಾಲು

ಇದು 2005ರಲ್ಲಿ ನಡೆದದ್ದು. ಇಸವಿಯನ್ನು ಡೈರಿ ನೋಡಿ ಬರೆಯುತ್ತಿದ್ದೇನೆ. ನೆನಪನ್ನೇ ನಂಬಿದ್ದರೆ 2003 ಎಂದು ಬರೆದುಬಿಡುತ್ತಿದ್ದೆ. ಯಾಕೆ ಎರಡು ವರ್ಷ ಹಿಂದಕ್ಕೆ ಹೋಯಿತೋ ಗೊತ್ತಿಲ್ಲ. ಇತಿಹಾಸದಲ್ಲಿ ಎಂ.ಎ. ಮಾಡಿದವಳು ನಾನು. ಬೇರೆಯವರು ಬರೆದಿಟ್ಟದ್ದನ್ನು ಹೇಗೆ ಅನುಮಾನಿಸಬೇಕೆಂದು ಧಾರವಾಡದಲ್ಲಿ ಎರಡು ವರ್ಷ ಕಲಿಸಿದ್ದರು. ಸ್ವಂತ ನೆನಪನ್ನು ಅನುಮಾನಿಸುವುದನ್ನು ಕಲಿಸಿದ್ದು ಒಂದು ಹಳೆಯ ಸ್ಕೂಟರು, ಮತ್ತೆ ಕಾಯ್ಕಿಣಿಯ ಒಬ್ಬ ಮನುಷ್ಯ. ಅವರ ಹೊಟ್ಟೆಪಾಡಿಗೆ ನಾನು ಬರೆದ ಒಂದು ಪತ್ರ ಅಡ್ಡ ಬಂತೇ, ಬಂದಿದ್ದರೆ ಎಷ್ಟು ಬಂತು ಎನ್ನುವುದು ಇವತ್ತಿಗೂ ನನಗೆ ಸ್ಪಷ್ಟವಿಲ್ಲ.

ಆಗ ನಾನು ಕುಮಟೆಯ ಒಂದು ಕಾಲೇಜಿನಲ್ಲಿ ತಾತ್ಕಾಲಿಕ ಉಪನ್ಯಾಸಕಿ. ನಮ್ಮ ಮನೆ ಕಾಸರಕೋಡಿನಲ್ಲಿ, ಶರಾವತಿ ಸೇತುವೆಯ ಈಚೆ. ಅಪ್ಪ ಹೋದ ಮೇಲೆ ಅಣ್ಣನೇ ದೋಣಿ ನೋಡಿಕೊಳ್ಳುತ್ತಿದ್ದ. ಹಿಂದೆ ಸಣ್ಣ ಇಂಜಿನ್ ಕಟ್ಟಿದ ದೋಣಿ. ಆ ಇಂಜಿನ್ನು ಪೆಟ್ರೋಲಿನಲ್ಲಿ ಚಾಲೂ ಆಗಿ ಆಮೇಲೆ ಸೀಮೆಎಣ್ಣೆಯಲ್ಲಿ ಓಡುತ್ತದೆ. ಸೀಮೆಎಣ್ಣೆ ಬರುತ್ತಿದ್ದುದು ಮೀನುಗಾರರ ಪರ್ಮಿಟ್ಟಿನ ಮೇಲೆ, ಕಡಿಮೆ ದರಕ್ಕೆ, ದೋಣಿಗೆ ಮಾತ್ರ ಬಳಸಬೇಕೆಂಬ ಷರತ್ತಿನಲ್ಲಿ. ನಮ್ಮ ಹಿತ್ತಲ ಮಾಡಿನಡಿ ಬಲೆಯ ಪಕ್ಕ ಯಾವಾಗಲೂ ನಾಲ್ಕೈದು ಕ್ಯಾನುಗಳು ಸಾಲಾಗಿ ಇರುತ್ತಿದ್ದವು. ನಾನು ಹುಟ್ಟಿದಾಗಿನಿಂದ ಆ ವಾಸನೆಯಲ್ಲೇ ಬೆಳೆದವಳು. ಹಾಗಾಗಿಯೇ ಇರಬೇಕು, ನನ್ನ ಮೂಗಿಗೆ ಅದು ಬೇರೆಯಾಗಿ ತಿಳಿಯುತ್ತಲೇ ಇರಲಿಲ್ಲ.

ಕುಮಟೆಗೆ ಬಸ್ಸಿನಲ್ಲಿ ನೇತಾಡಿ ಹೋಗಿ ಸಾಕಾಗಿ, ಸೆಕೆಂಡ್ ಹ್ಯಾಂಡಿನ ಒಂದು ಸ್ಕೂಟರು ತೆಗೆದುಕೊಂಡಿದ್ದೆ. ಅದರ ಮೈಲೇಜು ನನಗೇ ಆಶ್ಚರ್ಯ. ಒಮ್ಮೆ ಪೆಟ್ರೋಲು ಹಾಕಿಸಿದರೆ ಎಷ್ಟು ದಿನ ಓಡಿದರೂ ಮುಳ್ಳು ಕೆಳಗೆ ಬರುತ್ತಿರಲಿಲ್ಲ. ಸ್ಟಾಫ್ ರೂಮಿನಲ್ಲಿ ಇದನ್ನು ಹೇಳಿ ಜಂಬ ಕೊಚ್ಚಿಕೊಂಡಿದ್ದೇನೆ. ಭೌತಶಾಸ್ತ್ರದ ಉಪನ್ಯಾಸಕರು ನನ್ನನ್ನು ವಿಚಿತ್ರವಾಗಿ ನೋಡಿದ್ದು ನೆನಪಿದೆ. ಅಥವಾ ಆ ನೋಟವನ್ನು ಆಮೇಲೆ ನಾನೇ ಸೇರಿಸಿಕೊಂಡಿದ್ದೇನೋ.

ಸೆಪ್ಟೆಂಬರಿನ ಒಂದು ಮಂಗಳವಾರ ಹೊನ್ನಾವರದಲ್ಲಿ ಪೊಲೀಸರು ಕೈ ಅಡ್ಡ ಹಾಕಿದರು. ಕಾಗದಪತ್ರ ಎಲ್ಲ ಇತ್ತು, ಹೊಗೆ ತಪಾಸಣೆಯ ಸರ್ಟಿಫಿಕೇಟ್ ಮಾತ್ರ ಇರಲಿಲ್ಲ. ಲೈಸೆನ್ಸ್ ತಮ್ಮಲ್ಲೇ ಇಟ್ಟುಕೊಂಡು, "ಎಂಟು ದಿವಸದ ಒಳಗೆ ಸರ್ಟಿಫಿಕೇಟ್ ತಂದು ತೋರಿಸಿ ತಕೊಂಡು ಹೋಗಿ" ಎಂದರು. ಸೇತುವೆ ಇಳಿದ ಕೂಡಲೇ ಹೆದ್ದಾರಿಯ ಬದಿಯಲ್ಲಿ ಬಿಳಿ ವ್ಯಾನೊಂದು ನಿಂತಿರುತ್ತಿತ್ತು. ಒಳಗೆ ಒಂದು ಮೆಷಿನ್ನು, ಅದರಿಂದ ಹೊರಗೆ ಬಂದ ಉದ್ದದ ರಬ್ಬರ್ ಪೈಪು. ಊರಿನವರು ಅದಕ್ಕೆ ಹೊಗೆ ವ್ಯಾನು ಎನ್ನುತ್ತಿದ್ದರು. ಅದನ್ನು ನಡೆಸುವವರು ಕಾಯ್ಕಿಣಿಯ ಈಶ್ವರಣ್ಣ. ಐವತ್ತರ ಹತ್ತಿರದವರು. ಮೊದಲು ಲಾರಿ ಓಡಿಸುತ್ತಿದ್ದರಂತೆ. ಮೊಣಕಾಲು ಕೆಟ್ಟ ಮೇಲೆ ಕುಳಿತು ಮಾಡುವ ಈ ಕೆಲಸ ಹಿಡಿದಿದ್ದರು.

ಅಲ್ಲಿಗೆ ಹೋದಾಗ ನನ್ನ ಮುಂದೆ ಮೂರ್ನಾಲ್ಕು ಗಾಡಿಗಳಿದ್ದವು. ಒಬ್ಬ ರಿಕ್ಷಾದವ, "ಈಶ್ವರಣ್ಣ, ನಮ್ಮನೆ ಒಲೆಗೂ ಒಂದು ಸರ್ಟಿಫಿಕೇಟ್ ಕೊಡು ಮಾರಾಯಾ. ಹೊಗೆ ಹೊಗೆ ಅಂತ ಹೆಂಡ್ತಿ ದಿನಾ ಬೈತದೆ" ಎಂದ.

"ಒಲೆ ತಕೊಂಡು ಬಾ, ಪೈಪ್ ಹಾಕ್ವ. ಹೆಂಡ್ತಿನೂ ಕರ್ಕಂಡು ಬಾ, ಸೈನ್ ಬೇಕಾಗ್ತದೆ" ಎಂದರು ಈಶ್ವರಣ್ಣ. ಎಲ್ಲ ನಕ್ಕರು. ನಾನೂ ನಕ್ಕೆ.

ನನ್ನ ಸರದಿ ಬಂತು. ಸ್ಕೂಟರು ಚಾಲೂ ಮಾಡಿದ ಕೂಡಲೇ ಹಿಂದಿನಿಂದ ಬಿಳಿ ಹೊಗೆ. ಅವರು ಪೈಪನ್ನು ಸೈಲೆನ್ಸರಿನೊಳಗೆ ತೂರಿಸಿದರು. ಮೆಷಿನ್ನಿನಲ್ಲಿ ಕೆಂಪು ಅಂಕಿ ಏರುತ್ತಲೇ ಹೋಯಿತು. ಅವರು ಪೈಪು ತೆಗೆದು, ಬಗ್ಗಿ ಹೊಗೆಯ ವಾಸನೆ ನೋಡಿದರು.

"ಆಗುದಿಲ್ಲ ಅಕ್ಕೋರೆ. ಫೇಲು. ಸೀಮೆಎಣ್ಣೆ ವಾಸನೆ ಬತ್ತದೆ."

ನಮ್ಮ ಕಡೆ ಕಲಿಸುವ ಹೆಂಗಸರಿಗೆಲ್ಲ ಅಕ್ಕೋರು ಎನ್ನುವುದೇ ರೂಢಿ. ಹೆಗಲ ಚೀಲದಲ್ಲಿ ಪುಸ್ತಕ ನೋಡಿ ಹಾಗೆ ಕರೆದಿರಬೇಕು. "ಪಂಪಿನಲ್ಲಿ ಹಾಕಿಸಿದ ಪೆಟ್ರೋಲು ಇದು. ಸೀಮೆಎಣ್ಣೆ ಎಲ್ಲಿಂದ ಬರಬೇಕು?" ಎಂದೆ.

ಅವರು ನನ್ನನ್ನೊಮ್ಮೆ ನೋಡಿ ಕೇಳಿದರು: "ನೀವು ಬೋಟಿನ ಮನೆಯವ್ರಾ?"

ಹಿಂದೆ ಯಾರೋ ಕಿಸಕ್ಕೆಂದರು. ಕಿಸಕ್ಕೆಂದದ್ದು ನಿಜವೇ? ಡೈರಿಯಲ್ಲಿ "ಎಲ್ಲರೂ ನಕ್ಕರು" ಎಂದು ಬರೆದಿದ್ದೇನೆ. ಆದರೆ ಅವರು ನಕ್ಕದ್ದು ಒಲೆಯ ಮಾತಿಗೆ. ಎರಡು ನಗುವನ್ನು ಒಂದು ಮಾಡಿಕೊಂಡೆನೇನೋ. ಆಗ ಮಾತ್ರ ನನಗೆ ಕೇಳಿಸಿದ್ದು ಒಂದೇ: ಎಷ್ಟು ಓದಿದರೇನು, ನೀನು ಮೀನಿನವರ ಮನೆಯವಳು, ಪರ್ಮಿಟ್ ಎಣ್ಣೆ ಕದ್ದು ಹಾಕುವವಳು. "ಅದು ನಿಮಗ್ಯಾಕೆ? ನಿಮ್ಮ ಮೆಷಿನ್ ಸರಿ ಇದೆಯಾ ನೋಡಿಕೊಳ್ಳಿ" ಎಂದು ಸ್ಕೂಟರು ಒದ್ದು ಚಾಲೂ ಮಾಡಿ ಹೊರಟೆ.

ಮರುದಿನ ಮೆಕ್ಯಾನಿಕ್ ಹತ್ತಿರ ಪ್ಲಗ್ಗು, ಕಾರ್ಬ್ಯುರೇಟರು ಎಲ್ಲ ಸ್ವಚ್ಛ ಮಾಡಿಸಿ ಮತ್ತೆ ಹೋದೆ. ಮತ್ತೆ ಕೆಂಪು ಅಂಕಿ. ಈಶ್ವರಣ್ಣ ತಲೆಯಾಡಿಸಿದರು. "ಟಾಂಕಿ ಖಾಲಿ ಮಾಡಿ ಬೇರೆ ಪೆಟ್ರೋಲ್ ಹಾಕಿ ತನ್ನಿ ಅಕ್ಕೋರೆ, ನಾನೇ ಮೊದ್ಲು ನೋಡಿ ಕೊಡ್ತೆ" ಎಂದರು. ನಾನು ಅಲ್ಲಿಂದ ನೇರ ಕುಮಟೆಗೆ ಹೋದೆ.

ಕುಮಟೆಯಲ್ಲಿ ಒಂದು ಅಂಗಡಿ ಇತ್ತು. ಅಲ್ಲಿ ಮೆಷಿನ್ನಿನ ಮೇಲೆ ಬಟ್ಟೆ ಹೊದಿಸಿತ್ತು. ಅದನ್ನು ತೆಗೆಯಲೂ ಇಲ್ಲ. ಗಾಡಿಯ ನಂಬರು ಕೇಳಿ, ಸರ್ಟಿಫಿಕೇಟ್ ಬರೆದು, ಸೀಲು ಒತ್ತಿ ಕೊಟ್ಟರು. "ಟೆಸ್ಟು?" ಎಂದೆ. "ಆತಲ್ಲ ಮೇಡಂ" ಎಂದರು. ಸ್ಕೂಟರು ಹೊರಗೆ ರಸ್ತೆಯ ಆಚೆ ನಿಂತಿತ್ತು.

ಆ ಕ್ಷಣದಲ್ಲಿ ನನಗೆ ಅನುಮಾನ ಬರಬೇಕಿದ್ದದ್ದು ಈ ಅಂಗಡಿಯ ಮೇಲೆ. ಬಂದದ್ದು ಈಶ್ವರಣ್ಣನ ಮೇಲೆ. ಒಬ್ಬರು ಎರಡು ಸಲ ಫೇಲು ಮಾಡಿದ ಗಾಡಿಯನ್ನು ಇನ್ನೊಬ್ಬರು ನೋಡದೆಯೇ ಪಾಸು ಮಾಡುತ್ತಾರೆಂದರೆ ಈ ಪರೀಕ್ಷೆಯೇ ಬರೀ ಆಟ ಅಲ್ಲವೇ, ಆಟವಾದರೆ ಅವರು ನನ್ನನ್ನು ಯಾಕೆ ಸತಾಯಿಸಿದರು ಎಂದು ಯೋಚಿಸಿದೆ. ಲೈಸೆನ್ಸ್ ಬಿಡಿಸಿಕೊಂಡು ಬರುವಾಗ ಸೇತುವೆಯ ಹತ್ತಿರದ ಗೂಡಂಗಡಿಯಲ್ಲಿ ಚಹಾ ಕುಡಿಯುತ್ತ ನಡೆದದ್ದನ್ನು ಹೇಳಿದೆ. ಅಂಗಡಿಯವನು, "ಎಂತದೋ ಮೇಲಿಂದ ಕೊಟ್ರೆ ಆಗ್ತಿತ್ತೇನೋ, ಯಾರಿಗೆ ಗೊತ್ತು" ಎಂದ. ಅವನು ಹೇಳಿದ್ದು ಈಶ್ವರಣ್ಣನ ಬಗ್ಗೆಯೋ, ಈ ಲೋಕದ ಬಗ್ಗೆಯೋ, ಈಗ ಖಚಿತವಿಲ್ಲ.

ಅಂದು ರಾತ್ರಿಯ ಡೈರಿಯಲ್ಲಿ ಒಂದೇ ಸಾಲಿದೆ: "ಕಚೇರಿಗೆ ಪತ್ರ ಬರೆದು ಅಂಚೆಗೆ ಹಾಕಿದೆ." ಹೊಗೆ ತಪಾಸಣೆಯವರಿಗೆ ಪರವಾನಗಿ ಕೊಡುವ ಕಚೇರಿಗೆ ದೂರು. ಮೆಷಿನ್ನು ಸರಿಯಿಲ್ಲ ಎಂದು ಬರೆದದ್ದು ನೆನಪಿದೆ. ಗ್ರಾಹಕರೊಡನೆ ಅವಮಾನಕರವಾಗಿ ಮಾತಾಡುತ್ತಾರೆ ಎಂದೂ ಬರೆದೆ. ಹಣದ ಮಾತು ಬರೆದೆನೇ? ಬರೆಯಲಿಲ್ಲ ಎಂದು ಮನಸ್ಸು ಹೇಳುತ್ತದೆ. ಆದರೆ ಸಿಟ್ಟಿನಲ್ಲಿದ್ದಾಗ ನನ್ನ ವಾಕ್ಯಗಳು ತಾವಾಗಿಯೇ ಉದ್ದವಾಗುತ್ತವೆ. ಪ್ರತಿ ಇಟ್ಟುಕೊಂಡಿರಲಿಲ್ಲ.

ಸುಮಾರು ಮೂರು ವಾರ ಕಳೆದಿರಬೇಕು. ಭಾನುವಾರ ಬೆಳಗ್ಗೆ ಬಟ್ಟೆ ಒಣಗಿಸಲೆಂದು ಹಿತ್ತಲಿಗೆ ಬಂದರೆ, ಅಣ್ಣ ನನ್ನ ಸ್ಕೂಟರಿನ ಸೀಟು ಎತ್ತಿ, ದೋಣಿಯ ಕ್ಯಾನಿನಿಂದ ಏನನ್ನೋ ಟ್ಯಾಂಕಿಗೆ ಸುರಿಯುತ್ತಿದ್ದ. ಟ್ಯಾಂಕಿನ ಬಾಯಿಗೆ ಬಟ್ಟೆ ಕಟ್ಟಿ ಸೋಸುತ್ತಲೂ ಇದ್ದ.

"ಅಣ್ಣ, ಎಂತ ಮಾಡ್ತಿದ್ದಿ?"

"ಎಂತ ಅಂದ್ರೆ? ಎಣ್ಣೆ ಹಾಕುದು."

"ಯಾವ ಎಣ್ಣೆ?"

"ದೋಣಿದು, ಅಡಿಯಲ್ಲಿ ಉಳಿದದ್ದು. ಪೆಟ್ರೋಲೂ ಇದೆ, ಸೀಮೆಎಣ್ಣೆನೂ ಇದೆ. ಹಳೇ ಮಿಕ್ಸ್ ಹಾಕಿದ್ರೆ ಸಮುದ್ರದ ಮಧ್ಯ ಇಂಜಿನ್ ಕೆಮ್ತದೆ. ಚೆಲ್ಲಿದ್ರೆ ಹಾಳು. ನಿನ್ನ ಗಾಡಿ ರಸ್ತೆ ಮೇಲೆ ಕೆಮ್ಮಿದ್ರೆ ಎಂತ ಆಗ್ತದೆ, ಇಳ್ದು ನೂಕುದು."

"ಎಷ್ಟು ದಿನದಿಂದ?"

"ತಂದಾಗಿಂದ. ನೀ ಎಂತ ತಿಳ್ಕಂಡಿದ್ದಿ ಮಾರಾಯ್ತಿ, ಟಾಂಕಿ ತಂತಾನೇ ತುಂಬ್ತದೆ ಅಂತವಾ? ಎಂ.ಎ. ಅಂತೆ!"

ಅವನಿಗೆ ಅದು ಪ್ರೀತಿ. ತಂಗಿ ದಿನಾ ಕುಮಟೆಗೆ ಹೋಗಿ ಬರುತ್ತಾಳೆ, ಹೇಳದೆ ಕೇಳದೆ ತುಂಬಿಸಿಡೋಣ ಎಂದು. ನಮ್ಮ ಕೇರಿಯಲ್ಲಿ ಹೀಗೆ ಅಡಿಯಲ್ಲಿ ಉಳಿದ ಎಣ್ಣೆಯನ್ನು ಬೈಕಿಗೆ ಸುರಿಯುವವರು ಇನ್ನೂ ಇದ್ದರಂತೆ. ನಾನು ಒದ್ದೆ ಬಟ್ಟೆಯ ಬಕೆಟ್ಟನ್ನು ಅಲ್ಲೇ ಇಟ್ಟು ಕಟ್ಟೆಯ ಮೇಲೆ ಕುಳಿತುಬಿಟ್ಟೆ. ಮೆಷಿನ್ನು ಸರಿಯಿತ್ತು. ಮನುಷ್ಯನೂ ಸರಿಯಿದ್ದ.

ಸೋಮವಾರ ಸೇತುವೆ ಇಳಿದಾಗ ವ್ಯಾನು ಇರಲಿಲ್ಲ. ಗೂಡಂಗಡಿಯವನನ್ನು ಕೇಳಿದೆ. "ಹೋದ ವಾರ ಆಫೀಸಿನವ್ರು ಜೀಪಲ್ಲಿ ಬಂದಿದ್ರು. ಮೆಷಿನ್ ನೋಡಿದ್ರು, ಪುಸ್ತಕ ನೋಡಿದ್ರು. ಮರುದಿವಸದಿಂದ ಈಶ್ವರಣ್ಣ ಬರ್ಲೇ ಇಲ್ಲ. ಯಾರೋ ಬರ್ದು ಹಾಕಿದ್ರು ಅಂತ ಮಾತು."

"ಯಾರಂತೆ?"

"ಯಾರಿಗೆ ಗೊತ್ತು ಅಕ್ಕೋರೆ. ಬರೀಲಿಕ್ಕೆ ಬರೋರು ಯಾರೋ."

ಮುಂದಿನ ಭಾನುವಾರ ಟ್ಯಾಂಕು ಪೂರ್ತಿ ಖಾಲಿ ಮಾಡಿಸಿ, ಪಂಪಿನಲ್ಲಿ ಹೊಸ ಪೆಟ್ರೋಲು ಹಾಕಿಸಿ, ಮಂಕಿಯ ಮಾರ್ಗವಾಗಿ ಅವರ ಊರು ಕಾಯ್ಕಿಣಿಗೆ ಹೋದೆ. ದಾರಿಯುದ್ದಕ್ಕೂ ಹೇಳಬೇಕಾದ ವಾಕ್ಯವನ್ನು ಬಾಯಿಪಾಠ ಮಾಡಿಕೊಂಡಿದ್ದೆ: ಆ ಪತ್ರ ಬರೆದವಳು ನಾನು, ತಪ್ಪು ನನ್ನದು. ಹೊಗೆ ವ್ಯಾನಿನ ಮನೆ ಎಂದು ಕೇಳಿದರೆ ಕಾಯ್ಕಿಣಿಯಲ್ಲಿ ಎಲ್ಲರೂ ತೋರಿಸಿದರು. ಗದ್ದೆಯ ಅಂಚಿನ ಸಣ್ಣ ಮನೆ. ಅಂಗಳದಲ್ಲಿ ವ್ಯಾನು ನಿಂತಿತ್ತು, ಮೇಲೆ ಪ್ಲಾಸ್ಟಿಕ್ ಹೊದಿಸಿತ್ತು. ಈಶ್ವರಣ್ಣ ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದರು.

"ಓ, ಸ್ಕೂಟರ್ ಅಕ್ಕೋರು! ಬನ್ನಿ ಬನ್ನಿ. ದೇವರು ಕಳ್ಸಿದಂಗೆ ಬಂದ್ರಿ. ಏಯ್, ಅಕ್ಕೋರಿಗೆ ಕುರ್ಚಿ ತಾ" ಎಂದು ಒಳಗೆ ಕೂಗಿದರು. ಅವರ ಹೆಂಡತಿ ಕುರ್ಚಿ ತಂದು, ಸೆರಗಿನಿಂದ ಒರೆಸಿ ಇಟ್ಟರು. ನಾನು ಬಾಯಿ ತೆರೆಯುವ ಮೊದಲೇ ಈಶ್ವರಣ್ಣ ಒಂದು ಕಾಗದ ತಂದು ನನ್ನ ಕೈಯಲ್ಲಿಟ್ಟರು.

"ಹದಿನೈದು ದಿವಸದಲ್ಲಿ ಉತ್ರ ಕೊಡ್ಬೇಕಂತೆ. ಅಲ್ಲಿ ತನಕ ಕೆಲ್ಸ ಬಂದ್. ಉತ್ರ ಸಮ ಇಲ್ದಿದ್ರೆ ಪರವಾನಗಿ ರದ್ದು. ನಾನು ಓದಿದ್ದು ಏಳನೇ ಕ್ಲಾಸು. ನಾಳೆ ಕೊನೇ ದಿವಸ. ನೀವೇ ಬರ್ದು ಕೊಡ್ಬೇಕು."

ಕಚೇರಿಯ ನೋಟೀಸು ಅದು. ಸಾರ್ವಜನಿಕರಿಂದ ಬಂದ ದೂರಿನ ಮೇರೆಗೆ ಎಂದಿತ್ತು, ಹೆಸರಿರಲಿಲ್ಲ. ಮೂರು ಆಪಾದನೆಗಳು. ಮೆಷಿನ್ನು ದೋಷಪೂರಿತ. ಗ್ರಾಹಕರೊಡನೆ ಅವಮಾನಕರ ವರ್ತನೆ. ಮೂರನೆಯದು, ಹಣದ ಬೇಡಿಕೆ.

ಆ ಮೂರನೆಯದನ್ನು ಎಷ್ಟು ಸಲ ಓದಿದೆನೋ. ಅದು ನನ್ನದೇ? ಬೇರೆ ಯಾರದ್ದಾದರೂ ದೂರು ಇದರ ಜೊತೆ ಸೇರಿತೇ? ಕಚೇರಿಯವರೇ ರೂಢಿಯಂತೆ ಸೇರಿಸಿದರೇ? ಬಾಯಿಪಾಠ ಮಾಡಿದ್ದ ವಾಕ್ಯವನ್ನು ಹೇಳಲಿಲ್ಲ. ಅವರು ಕಾಗದ, ಪೆನ್ನು ಕೊಟ್ಟರು. ನಾನು ಬರೆಯತೊಡಗಿದೆ. ನನ್ನ ದೂರಿಗೆ ನಾನೇ ಉತ್ತರ!

ಅವರನ್ನು ಕೇಳಿ ಕೇಳಿ, ಮನಸ್ಸಿಟ್ಟು ಬರೆದೆ. ಮೆಷಿನ್ನನ್ನು ಕಚೇರಿಯವರೇ ಪರೀಕ್ಷಿಸಿದ್ದಾರೆ, ದೋಷ ಕಂಡಿಲ್ಲ. ಹಣ ಕೇಳಿಲ್ಲ. ಕೊನೆಗೆ, ನೇರವಾಗಿ ಹೇಳಲಾರದ್ದನ್ನು ಹೀಗಾದರೂ ಹೇಳೋಣವೆಂದು ಒಂದು ಸಾಲು ಸೇರಿಸಿದೆ: "ದೂರುದಾರರ ಸ್ಕೂಟರಿನ ಟ್ಯಾಂಕಿನಲ್ಲಿ ಮೀನುಗಾರಿಕೆ ದೋಣಿಯ ಸೀಮೆಎಣ್ಣೆ ಬೆರೆತಿದ್ದ ಕಾರಣ ಅದು ತಪಾಸಣೆಯಲ್ಲಿ ಅನುತ್ತೀರ್ಣವಾಯಿತು."

"ಓದಿ ಅಕ್ಕೋರೆ, ಕೇಳ್ವ" ಎಂದರು. ಓದಿದೆ. ಆ ಸಾಲಿಗೆ ಬಂದಾಗ ಅವರು ಕೈ ಎತ್ತಿದರು.

"ಅದು ನಿಮಗೆ ಹೆಂಗೆ ಗೊತ್ತು?"

"ಅದು ನನ್ನದೇ ಸ್ಕೂಟರು. ಪತ್ರವೂ ನನ್ನದೇ" ಎಂದೆ.

ಬಾಗಿಲಲ್ಲಿ ಬೆಲ್ಲ, ನೀರು ಹಿಡಿದು ನಿಂತಿದ್ದ ಅವರ ಹೆಂಡತಿ ಮುಂದೆ ಬರಲಿಲ್ಲ. "ಅಕ್ಕೋರು ಅಂತ ಕುರ್ಚಿ ಒರೆಸಿ ಕೊಟ್ಟೆ ನಾನು" ಎಂದರು. ನನಗೆ ಏಳಬೇಕೋ ಕೂರಬೇಕೋ ತಿಳಿಯಲಿಲ್ಲ.

ಈಶ್ವರಣ್ಣ ಕಾಗದವನ್ನು ತಮ್ಮ ಕಡೆ ಎಳೆದುಕೊಂಡರು. ಆಮೇಲೆ ಕೇಳಿದರು: "ಮೆಷಿನ್ ಸಮ ಇಲ್ಲ ಅಂತ ಬರ್ದದ್ದು ಬಿಡಿ, ನಿಮಗೆ ಗೊತ್ತಿರ್ಲಿಲ್ಲ. ದುಡ್ಡು ಕೇಳ್ದೆ ಅಂತ ನೀವೇ ಬರ್ದದ್ದಾ?"

"ನೆನಪಿಲ್ಲ" ಎಂದೆ. ಅದು ಸತ್ಯ. ಆದರೆ ಆ ಅಂಗಳದಲ್ಲಿ ಅದಕ್ಕಿಂತ ದೊಡ್ಡ ಸುಳ್ಳು ಇರಲಿಲ್ಲ ಎನ್ನುವ ಹಾಗೆ ಕೇಳಿಸಿತು.

"ಅಂಥಾದ್ದು ಮರೀಲಿಕ್ಕೆ ಹೆಂಗೆ ಬತ್ತದೆ ಅಕ್ಕೋರೆ?" ಎಂದರು. ಸಿಟ್ಟಿರಲಿಲ್ಲ. ನಿಜಕ್ಕೂ ತಿಳಿಯದೆ ಕೇಳಿದ ಹಾಗಿತ್ತು. ನನಗೂ ತಿಳಿದಿರಲಿಲ್ಲ.

"ಈ ಪತ್ರಕ್ಕೆ ನಾನೂ ಸಹಿ ಮಾಡುತ್ತೇನೆ. ದೂರು ಹಿಂದೆ ತೆಗೆದುಕೊಂಡೆ ಅಂತ ಬರೆಯುತ್ತೇನೆ. ಸೀಮೆಎಣ್ಣೆಯ ಸಾಲು ಇದ್ದರೆ ಎಲ್ಲ ಸ್ಪಷ್ಟವಾಗುತ್ತದೆ" ಎಂದೆ.

ಅವರು ಆ ಸಾಲಿನ ಮೇಲೆ ಬೆರಳಿಟ್ಟರು. "ಇದು ಹೊಡ್ದು ಹಾಕಿ."

"ಯಾಕೆ? ನಿಮ್ಮನ್ನು ಉಳಿಸುವ ಸಾಲು ಅದೊಂದೇ."

"ದೂರು ಯಾರದು ಅಂತ ಆಫೀಸಲ್ಲಿ ಇದ್ದೇ ಇದೆ. ಬೋಟಿನ ಸೀಮೆಎಣ್ಣೆ ಗಾಡಿಗೆ ಹಾಕಿದ್ರು ಅಂತ ಕಾಗದದ ಮೇಲೆ ಬಂದ್ರೆ ನಿಮ್ಮ ಮನೆ ಪರ್ಮಿಟ್ ಉಳೀತದಾ? ದೋಣಿ ಯಾರು ನೋಡ್ಕಂಬುದು?"

"ಅಣ್ಣ."

"ಅವ ಎಂತ ತಪ್ಪು ಮಾಡಿದ? ತಂಗಿ ಗಾಡಿಗೆ ಎಣ್ಣೆ ಹಾಕಿದ. ಅವತ್ತು ಬೋಟಿನ ಮನೆಯವ್ರಾ ಅಂತ ಯಂತಕೆ ಕೇಳ್ದೆ ಗೊತ್ತಾ? ಇವಳ ತವರೂ ಬೋಟಿನವ್ರೇ. ಇವಳ ತಮ್ಮನ ಬೈಕಿಗೂ ಇದೇ ಹೊಗೆ, ಇದೇ ವಾಸನೆ. ಹೌದು ಅಂದಿದ್ರೆ ಅಲ್ಲೇ ಟಾಂಕಿ ಖಾಲಿ ಮಾಡ್ಸಿ ಪಾಸ್ ಮಾಡಿ ಕಳಿಸ್ತಿದ್ದೆ. ಹೋಗ್ಲಿ. ನಂದು ಒಂದು ಹೋದ್ರೆ ಹೋತು, ಎರಡೆರಡು ಮನೆ ಯಂತಕೆ?"

ಆ ಸಾಲನ್ನು ಹೊಡೆದುಹಾಕಿದೆ. ಬಿಡಿ ಬಿಡಿಯಾಗಿ ಎರಡು ಗೆರೆ ಎಳೆದದ್ದು ಕಣ್ಣಿಗೆ ಕಟ್ಟಿದೆ. ಸಾಲು ಇರಲಿ ಎಂದು ಮತ್ತೊಂದು ಮಾತಾದರೂ ಆಡಿದೆನೇ, ಅಥವಾ ಅವರು ಹೇಳಿದ ಕೂಡಲೇ, ಅಣ್ಣನ ಮಾತು ಬಂದ ಕೂಡಲೇ ಎಳೆದೆನೇ? ಕೂಡಲೇ ಎಳೆದೆ ಎಂದೇ ನನ್ನ ಅನುಮಾನ. ಉಳಿದದ್ದನ್ನು ಬೇರೆ ಕಾಗದದ ಮೇಲೆ ಚೊಕ್ಕವಾಗಿ ಬರೆದು, ದೂರು ಹಿಂಪಡೆದಿದ್ದೇನೆ ಎಂದು ಸಹಿ ಮಾಡಿದೆ. ಕಾರಣ ಬರೆಯಲಿಲ್ಲ. ಕಾರಣವಿಲ್ಲದ ಹಿಂಪಡೆತವನ್ನು ಯಾವ ಕಚೇರಿ ನಂಬುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು.

ಹೊರಡುವಾಗ ಅವರೇ ಕರೆದರು. "ನಿಲ್ಲಿ. ಪೆಟ್ರೋಲ್ ಬದ್ಲಿಸಿದ್ರಲ್ಲ? ನೋಡ್ವ." ವ್ಯಾನಿನ ಪ್ಲಾಸ್ಟಿಕ್ ಸರಿಸಿ, ಮನೆಯೊಳಗಿನಿಂದ ವಯರು ಎಳೆದು ಮೆಷಿನ್ನು ಹಚ್ಚಿದರು. ಪೈಪು ತೂರಿಸಿ, ಕುಂಟುತ್ತ ಬಂದು ಅಂಕಿ ನೋಡಿದರು. ಅಂಕಿ ಸ್ವಲ್ಪ ಏರಿ ನಿಂತಿತು.

"ಪಾಸ್ ಆತು ಅಕ್ಕೋರೆ" ಎಂದರು. ಮುಖದಲ್ಲಿ ಸಂತೋಷ ಕಂಡಿತು. ಇದನ್ನು ಮಾತ್ರ ನಾನು ಸೇರಿಸಿಕೊಂಡದ್ದಲ್ಲ. "ಆದ್ರೆ ಕಾಗದ ಕೊಡ್ಲಿಕ್ಕೆ ಬರುದಿಲ್ಲ ಈಗ."

ಚೀಲದಲ್ಲಿದ್ದ ಕುಮಟೆಯ ಸರ್ಟಿಫಿಕೇಟ್ ತೆಗೆದು ಕೊಟ್ಟೆ. ಅವರು ಅದನ್ನು ತಿರುಗಿಸಿ, ಹಿಂದಿನ ಬದಿಯಲ್ಲಿ ಬಾಲ್‌ಪೆನ್ನಿನಿಂದ ಅವತ್ತಿನ ಅಂಕಿ ಬರೆದುಕೊಟ್ಟರು. ಸಹಿ ಹಾಕಲಿಲ್ಲ.

ಮನೆಗೆ ಬಂದು ಅಣ್ಣನಿಗೆ ಎಲ್ಲ ಹೇಳಿದೆ. ಅವನು ಊಟ ಮಾಡುತ್ತಿದ್ದವನು ಕೈ ನಿಲ್ಲಿಸಿ, "ಅವ್ರು ಹಂಗಂದ್ರಾ?" ಎಂದ. ಮರುದಿನದಿಂದ ನನ್ನ ಸ್ಕೂಟರಿನ ಸೀಟು ಎತ್ತಲಿಲ್ಲ. ತಿಂಗಳ ನಂತರ ಒಳ್ಳೆ ಬಂಗಡೆ ಸಿಕ್ಕ ದಿನ, ಬುಟ್ಟಿ ಹಿಡಿದು ಬಸ್ಸಿನಲ್ಲಿ ತಾನೇ ಕಾಯ್ಕಿಣಿಗೆ ಹೋಗಿ ಬಂದ. "ಮನೇಲಿದ್ರು. ಮೀನು ತಕೊಂಡ್ರು. ಊಟ ಮಾಡಿ ಹೋಗು ಅಂದ್ರು, ಮಾಡ್ದೆ" ಎಂದ.

"ಪರವಾನಗಿ ಏನಾಯ್ತಂತೆ? ವ್ಯಾನು ಅಂಗಳದಲ್ಲಿತ್ತಾ?"

ಅಣ್ಣ ತಲೆ ಕೆರೆದುಕೊಂಡ. "ಅದೇ ಕೇಳ್ಲಿಕ್ಕೆ ಮರ್ತೋತು ನೋಡು."

ಹೊನ್ನಾವರದಲ್ಲಿ ಆ ವ್ಯಾನು ಮತ್ತೆ ಕಾಣಲಿಲ್ಲ. ಭಟ್ಕಳದಲ್ಲಿ ನಿಲ್ಲಿಸುತ್ತಾರೆ ಎಂದರು ಒಬ್ಬರು. ವ್ಯಾನು ಮಾರಿ, ಓಂ ಬೀಚಿಗೆ ಪ್ರವಾಸಿಗಳನ್ನು ಒಯ್ಯುವ ಗಾಡಿಯವರ ಹತ್ತಿರ ಲೆಕ್ಕ ಬರೆಯಲು ಇದ್ದಾರೆ ಎಂದ ಗೂಡಂಗಡಿಯವನು. ಏಳನೇ ಕ್ಲಾಸು ಓದಿದ, ಉತ್ತರ ಬರೆಯಲು ನನ್ನನ್ನು ಕೇಳಿದ ಮನುಷ್ಯ ಲೆಕ್ಕ ಬರೆಯುತ್ತಾರೆಯೇ? ಯಾವುದು ನಿಜವೋ. ನಾನೇ ಹೋಗಿ ಕೇಳಬಹುದಿತ್ತು. ಕಾಯ್ಕಿಣಿ ಎಷ್ಟು ದೂರ? ಹೋಗಲಿಲ್ಲ. ಎಷ್ಟು ಸಲ ಹೊರಟೆ ಎಂದು ಡೈರಿಯಲ್ಲಿದೆ, ಯಾಕೆ ಹಿಂದೆ ಬಂದೆ ಎಂದಿಲ್ಲ.

ಆ ಸರ್ಟಿಫಿಕೇಟ್ ಈಗಲೂ ಡೈರಿಯೊಳಗಿದೆ. ಒಂದು ಬದಿಯಲ್ಲಿ ಅಚ್ಚು, ಸೀಲು, ಸಹಿ, ಮತ್ತು ಯಾರೂ ನೋಡದ ಹೊಗೆಯ ಬಗ್ಗೆ ಒಂದು ಖಾತ್ರಿ. ಇನ್ನೊಂದು ಬದಿಯಲ್ಲಿ ಎರಡು ಅಂಕಿ, ನಡುವೆ ಒಂದು ಚುಕ್ಕೆ. ಇಡೀ ಕಾಗದದಲ್ಲಿ ನಿಜವಾಗಿ ಅಳೆದು ಬರೆದದ್ದು ಅದೊಂದೇ, ಅದಕ್ಕೆ ಸಹಿ ಇಲ್ಲ.

"ಅಂಥಾದ್ದು ಮರೀಲಿಕ್ಕೆ ಹೆಂಗೆ ಬತ್ತದೆ" ಎಂಬ ಪ್ರಶ್ನೆಗೆ ನನಗಿನ್ನೂ ಉತ್ತರ ಸಿಕ್ಕಿಲ್ಲ. ಅಂದಿನಿಂದ ಒಂದು ಅಭ್ಯಾಸ ಮಾತ್ರ ಮಾಡಿಕೊಂಡಿದ್ದೇನೆ. ಯಾರ ಬಗ್ಗೆ ಏನೇ ಬರೆದು ಕಳಿಸಿದರೂ ಒಂದು ಪ್ರತಿ ನನ್ನ ಹತ್ತಿರ ಇಟ್ಟುಕೊಳ್ಳುತ್ತೇನೆ. ಇದರದ್ದೂ ಇಟ್ಟುಕೊಂಡಿದ್ದೇನೆ.